ಪಾರಿವಾಳದವನ ಸಾಕ್ಷಿ

ಬಾಂಬು ಬಿದ್ದಾಗಿನಿಂದ ಮೊಟ್ಟೆಯನ್ನೇ ಇಡದಿದ್ದ ಖಲಫನ ಬಿಳಿ ಪಾರಿವಾಳ ಆ ಬೆಳಿಗ್ಗೆ ಎರಡು ಮೊಟ್ಟೆ ಇಟ್ಟಿತು. ತೊಂದರೆಯೆಂದರೆ, ಇಟ್ಟದ್ದು ಮದ್ದುಗುಂಡಿನ ಪೆಟ್ಟಿಗೆಯಲ್ಲಿ. ಇರಾನಿನ ಜೊತೆ ಕಾದಾಡಲೆಂದು ಪರದೇಶದವರು ಹಿಂದೊಮ್ಮೆ ಇರಾಕಿನ ಸರ್ವಾಧಿಕಾರಿಗೆ ಕಳಿಸಿದ್ದ ಪೆಟ್ಟಿಗೆ ಅದು. ಆಗ ಸಿಪಾಯಿಯಾಗಿದ್ದ ಖಲಫ್ ಖಾಲಿಯಾದದ್ದನ್ನು ಬಗ್ದಾದಿಗೆ ಹೊತ್ತು ತಂದು, ಮಾಳಿಗೆಯ ಮೇಲೆ ತನ್ನ ಪಾರಿವಾಳಗಳಿಗೆಲ್ಲ ಗೂಡು ಮಾಡಿದ್ದ. ಈಗ ಅದೇ ಪರದೇಶದವರು ಸರ್ವಾಧಿಕಾರಿಯನ್ನು ಓಡಿಸಿ, ಮನೆಮನೆ ನುಗ್ಗಿ ಆಯುಧ ಹುಡುಕುತ್ತಿದ್ದರು.

"ಇದು ಎಲ್ಲಿಂದ ಬಂತು ಅಂತ ಕೇಳ್ತಿದಾರೆ," ಎಂದ ದುಭಾಷಿ, ಮಾಳಿಗೆ ಹತ್ತಿ ಬಂದ ಪರದೇಶದ ಅಧಿಕಾರಿಯ ಪಕ್ಕದಲ್ಲಿ ನಿಂತು.

"ಅವರ ಊರಿಂದಾನೇ. ಬೇಕಾದ್ರೆ ಮೇಲೆ ಬರೆದಿರೋದು ಓದ್ಕೊಳ್ಳಲಿ."

ಪಕ್ಕದ ಮಾಳಿಗೆಯಿಂದ ಉಮ್ಮ್ ವಸನ್ ಬಾಯಿ ಹಾಕಿದಳು. "ಅವನ ಮಾತು ನಂಬಬೇಡಿ. ಪಾರಿವಾಳದವರ ಸಾಕ್ಷೀನ ಖಾಜಿ ಕೂಡ ಒಪ್ಪಲ್ಲ. ಕಂಡೋರ ಹಕ್ಕಿ ಹಿಡ್ಕೊಂಡು ನಂದೇ ಅಂತ ಆಣೆ ಇಡೋ ಜನ."

ಅಧಿಕಾರಿ ಬಗ್ಗಿ ಓದಿದ. ಜಗಳಕ್ಕೆ ಹೋದ ಮನೆಯ ಗೋಡೆಯಲ್ಲಿ ತನ್ನದೇ ಮದುವೆಯ ಪಟ ಕಂಡವನಂತಾದ.

"ಪೆಟ್ಟಿಗೆ ತಗೊಂಡು ಹೋಗ್ತಾರಂತೆ."

"ಮೊಟ್ಟೆ?"

"ಮೊಟ್ಟೆ ನಿಂದು."

ಮೊಟ್ಟೆ ಆರಬಾರದಲ್ಲ. ಖಲಫ್ ಅವನ್ನು ಅಂಗಿಯೊಳಗೆ ಹೊಟ್ಟೆಗೊತ್ತಿಕೊಂಡು, ತುಂಬು ಬಸುರಿಯಂತೆ ಹೆಜ್ಜೆ ಇಡುತ್ತಾ ಹೊಸ ಪೊಲೀಸ್ ಠಾಣೆಗೆ ಹೋದ. ಪರದೇಶದವರು ಅಲ್ಲಿಗೆ ಹೊಸ ಬಂದೂಕು ಕೊಟ್ಟಿದ್ದರು. ಖಾಲಿ ಪೆಟ್ಟಿಗೆ ಇದ್ದೇ ಇರುತ್ತದೆ.

"ಅಂಗಿಯೊಳಗೆ ಏನು? ಬಾಂಬಾ?" ಕಾವಲಿನವನು ಬಂದೂಕು ಎತ್ತಿದ.

"ಇಲ್ಲಪ್ಪ. ಮರಿ ಆಗಬೇಕಾದ್ದು."

ವಿಷಯ ಕೇಳಿ ಹವಲ್ದಾರ ಎದ್ದೇ ಬಂದ. "ಪೆಟ್ಟಿಗೆ ತಾನೆ? ತಗೊಂಡು ಹೋಗು ಅಣ್ಣ. ನಮ್ಮ ಗಾಡೀಲೇ ಕಳಿಸ್ತೀನಿ. ಮೊದಲು ಚಹಾ ಕುಡಿ."

ಪೊಲೀಸರಿಂದ ಇಂಥ ಮರ್ಯಾದೆ ಖಲಫ್ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಣ್ಣು ತೇವವಾಯಿತು.

ಸಂಜೆ ಬಿಳಿ ಪಾರಿವಾಳ ಹೊಸ ಪೆಟ್ಟಿಗೆಯನ್ನು ಸುತ್ತಿ ನೋಡಿ, ಕೊನೆಗೆ ಮೊಟ್ಟೆಗಳ ಮೇಲೆ ಕೂತಿತು. ಅಷ್ಟರಲ್ಲಿ ಕೆಳಗೆ ಬಾಗಿಲು ಬಡಿಯಿತು. ಅದೇ ಅಧಿಕಾರಿ, ಅದೇ ದುಭಾಷಿ ಮಾಳಿಗೆ ಹತ್ತಿ ಬಂದರು.

"ಠಾಣೇಲಿ ಒಂದು ಪೆಟ್ಟಿಗೆ ಬಂದೂಕು ಕಾಣ್ತಿಲ್ಲ. ನೀನು ಹೊತ್ಕೊಂಡು ಹೋದೆ ಅಂತ ಹವಲ್ದಾರರೇ ಹೇಳಿದ್ರು. ಬಂದೂಕೆಲ್ಲಿ?"

"ಕೊಟ್ಟಾಗಲೇ ಖಾಲಿ ಇತ್ತಪ್ಪ. ಚಿಕ್ಕಮ್ಮ, ನೀನಾದರೂ ಒಂದು ಮಾತು ಹೇಳು," ಎಂದು ಖಲಫ್ ಪಕ್ಕದ ಮಾಳಿಗೆಯತ್ತ ಕೂಗಿದ.

ಉಮ್ಮ್ ವಸನಳಿಗೆ ಮೊದಲ ಸಲ ಅವನ ಮೇಲೆ ಕನಿಕರ ಬಂತು. "ಖಾಲೀನೇ ಇತ್ತು. ನನ್ನ ಕಣ್ಣಾರೆ ನೋಡಿದೀನಿ. ಬೇಕಾದ್ರೆ ಕುರಾನ್ ಮುಟ್ಟಿ ಹೇಳ್ತೀನಿ."

ದುಭಾಷಿ ಅವಳತ್ತ ತಿರುಗಿದ. ಗೂಡು ಕಳಕೊಂಡ ಖಲಫನ ಹಕ್ಕಿಗಳಿಗೆ ಅವಳು ಬೆಳಿಗ್ಗೆಯಿಂದ ಕಾಳು ಹಾಕುತ್ತಿದ್ದಳು. ನಾಲ್ಕು ಹಕ್ಕಿ ಅವಳ ಕಾಲ ಬಳಿ ತಿರುಗಾಡುತ್ತಿದ್ದವು. ಒಂದು ಅವಳ ಹೆಗಲೇರಿ ಕೂತಿತ್ತು.

"ಚಿಕ್ಕಮ್ಮ," ಎಂದ ದುಭಾಷಿ, "ನಿಮ್ಮ ಸಾಕ್ಷೀನೂ ನಡೆಯಲ್ಲ."

ಖಲಫ್ ಪೆಟ್ಟಿಗೆಯತ್ತ ಬಗ್ಗಿದ. ಅಂಗಿಯ ಗುಂಡಿ ಬಿಚ್ಚಿ, ಪಾರಿವಾಳದ ಹೊಟ್ಟೆಯಡಿಗೆ ಮೆಲ್ಲಗೆ ಕೈ ಹಾಕಿದ.