ದಾಂಡಿಗ ಟಿಲ್ಬರಿಯವರಿಗೆ ವಧುವಿನ ತಾಯಿಯಿಂದ

ಮಾನ್ಯರೇ,

ಬೇಸ್‌ಬಾಲ್ ಆಟದಲ್ಲಿ ಎಡಗೈ ಬೀಸಿನಿಂದ ಚೆಂಡನ್ನು ಬಲಬದಿಯ ಬೇಲಿಯಾಚೆ ಕಳುಹಿಸಿ ಹೋಮ್ ರನ್ ಗಳಿಸುವುದರಲ್ಲಿ ಹೆಸರಾದವರೂ, ಹತ್ತು ವರ್ಷಕ್ಕೂ ಮಿಕ್ಕಿ ಶಿಕಾಗೋದ ಕಣ್ಮಣಿಯಾಗಿದ್ದು ಕಳೆದ ಡಿಸೆಂಬರಿನಲ್ಲಿ ಡೆಟ್ರಾಯ್ಟ್ ತಂಡವನ್ನು ಉದ್ಧರಿಸಲು ತೆರಳಿದವರೂ ಆದ ಶ್ರೀಮಾನ್ ರೋಲ್ಯಾಂಡ್ ಟಿಲ್ಬರಿ ಅವರ ಸನ್ನಿಧಿಗೆ, ಹಾಫ್‌ಮನ್ ಎಸ್ಟೇಟ್ಸ್‌ನಿಂದ ಪದ್ಮ ಶೇಷಾದ್ರಿ ಮಾಡುವ ನಮಸ್ಕಾರಗಳು. ಮೊದಲು ಕ್ಷೇಮ ವಿಚಾರಿಸುವುದು ಪದ್ಧತಿ ಎಂದು ನನಗೂ ಗೊತ್ತು. ಆದರೆ ಮನಸ್ಸಿನಲ್ಲಿ ದೂರು ಇಟ್ಟುಕೊಂಡು ಕ್ಷೇಮ ಕೇಳುವುದು ಅಷ್ಟು ಪ್ರಾಮಾಣಿಕವಾಗಿ ಕಾಣಲಿಲ್ಲವಾದ್ದರಿಂದ, ದೂರನ್ನು ಮುಗಿಸಿ ಆ ವಿಷಯಕ್ಕೆ ಬರುತ್ತೇನೆ.

ನನ್ನ ಪರಿಚಯ ತಮಗಿಲ್ಲ. ನಾನು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯೆ. ಜನರನ್ನು ನಿದ್ದೆಗೆ ಕಳುಹಿಸಲು ನಾನು ಬಳಸುವ ಔಷಧಿಗಳ ಅಡ್ಡಪರಿಣಾಮಗಳನ್ನು ನೋಡಿ, ಅದೇ ಕೆಲಸವನ್ನು ಯಾವ ಔಷಧಿಯೂ ಇಲ್ಲದೆ ಮೂರು ಗಂಟೆಯಲ್ಲಿ ಮಾಡಿಮುಗಿಸುವ ತಮ್ಮ ಆಟದ ಬಗ್ಗೆ ನನಗೆ ಮೊದಲಿನಿಂದಲೂ ಗೌರವವಿದೆ. ನನ್ನ ಪತಿ ಶೇಷಾದ್ರಿ ಮಾತ್ರ ಎಚ್ಚರವಾಗಿರುತ್ತಾರೆ. ಅವರು ಇಲ್ಲಿಗೆ ಬಂದು ಬಹಳ ವರ್ಷಗಳ ತನಕ ಕ್ರಿಕೆಟ್ ಬಿಟ್ಟು ಬೇರೆ ಆಟವನ್ನು ಆಟವೆಂದೇ ಒಪ್ಪಿದವರಲ್ಲ. ಲೈಲ್‌ನ ಕಂಪನಿಯೊಂದು ಅವರ ಇಡೀ ವಿಭಾಗವನ್ನೇ ಒಂದು ಬೆಳಿಗ್ಗೆ ಕೆಲಸದಿಂದ ತೆಗೆದು ಮನೆಗೆ ಕಳುಹಿಸಿದಾಗ ಅವರಿಗೆ ಐವತ್ತೇಳು. ಆ ಬೇಸಿಗೆ ಅವರು ಸೋಫಾದ ಮೇಲೆ ಕೂತು, ಮಾತಿಲ್ಲದೆ, ಟಿವಿಯಲ್ಲಿ ಎದುರಿಗೆ ಬಂದದ್ದನ್ನು ನೋಡುತ್ತಿದ್ದರು. ಎದುರಿಗೆ ಬಂದವರು ತಾವು.

ಆ ಬೇಸಿಗೆ ತಾವೂ ಬಹಳ ಕೆಟ್ಟದಾಗಿ ಆಡುತ್ತಿದ್ದಿರಿ ಎಂಬುದನ್ನು ನೆನಪಿಸಲು ಸಂಕೋಚವಾಗುತ್ತದೆ. ದಿನವೂ ಬಂದು, ಮೂರು ಸಲ ಗಾಳಿಗೆ ಬ್ಯಾಟು ಬೀಸಿ, ಔಟಾಗಿ, ತಲೆ ತಗ್ಗಿಸಿ ವಾಪಸು ಹೋಗುವಿರಿ; ಸ್ಟೇಡಿಯಂ ಪೂರ್ತಿ ತಮ್ಮನ್ನು ಬಯ್ಯುವುದು; ಮರುದಿನ ತಾವು ಮತ್ತೆ ಬರುವಿರಿ. ಒಂದು ಸಂಜೆ ಶೇಷಾದ್ರಿ, ನನ್ನ ಕಡೆ ತಿರುಗದೆ, "ನೋಡಿದ್ಯಾ, ಮನೇಲಿ ಕೂತಿಲ್ಲ ಅವ್ನು. ಇಷ್ಟು ಬೈಸ್ಕೊಂಡೂ ಬರ್ತಾನೆ" ಅಂದರು. ವಾರಗಳ ನಂತರ ಅವರ ಬಾಯಿಂದ ಬಂದ ಮೊದಲ ಪೂರ್ಣ ವಾಕ್ಯ ಅದು. ಶರತ್ಕಾಲದ ಹೊತ್ತಿಗೆ ತಾವು ಚೇತರಿಸಿಕೊಂಡಿರಿ, ಅವರು ಇಟಾಸ್ಕಾದಲ್ಲಿ ಕೆಲಸಕ್ಕೆ ಸೇರಿದರು. ಹೀಗೆ ತಾವು ನಮ್ಮ ಮನೆಗೆ ಮಾಡಿದ ಉಪಕಾರ ದೊಡ್ಡದು. ದೂರಿನ ಮೂಲವೂ ಅಲ್ಲೇ ಇದೆ.

ನಮ್ಮ ಒಬ್ಬಳೇ ಮಗಳು ಆಶ್ರಿತಾ ಕಳೆದ ವರ್ಷ ವಿವೇಕ ಎಂಬ ಹುಡುಗನನ್ನು ಮನೆಗೆ ಕರೆತಂದು, ಇವನನ್ನೇ ಮದುವೆಯಾಗುತ್ತೇನೆ ಎಂದಳು. ಹುಡುಗ ಒಳ್ಳೆಯವನು. ಅವನ ತಂದೆ ಕಲ್ಲಿನಾಥ ಮತ್ತು ತಾಯಿ ನೀಲಾಂಬಿಕಾ ಧಾರವಾಡದ ಕಡೆಯವರು, ಡೆಟ್ರಾಯ್ಟ್ ಪಕ್ಕದ ನೋವೈಯಲ್ಲಿ ಮನೆ ಮಾಡಿದ್ದಾರೆ, ಮದುವೆಯ ನಂತರ ಆಶ್ರಿತಾಳೂ ಅಲ್ಲಿಗೇ ಹೋಗುವುದೆಂದು ಮಾತಾಗಿತ್ತು. ಅವರು ಲಿಂಗಾಯತರು, ನಾವು ಮೈಸೂರಿನ ಅಯ್ಯಂಗಾರರು. ಯಾರಾದರೂ ಜಾತಿಯ ಮಾತೆತ್ತಿದರೆ ಏನು ಹೇಳಬೇಕು, ಶಾಸ್ತ್ರ ಯಾರ ಕಡೆಯದು, ಊಟ ಯಾರ ಕಡೆಯದು ಎಂಬ ಎಲ್ಲದಕ್ಕೂ ನಾನು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅದರಲ್ಲಿ ಒಂದನ್ನೂ ಯಾರೂ ಕೇಳಲಿಲ್ಲ. ತಮ್ಮ ವಿಷಯ ಬರಬಹುದೆಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಜನವರಿಯಲ್ಲಿ ಅವರು ಮುನ್ನೂರು ಮೈಲಿ ಹಿಮದಲ್ಲಿ ಡ್ರೈವ್ ಮಾಡಿಕೊಂಡು, ಡಬ್ಬಿ ತುಂಬ ಶೇಂಗಾ ಹೋಳಿಗೆ ಹೊತ್ತುಕೊಂಡು ನಮ್ಮಲ್ಲಿಗೆ ಮಾತುಕತೆಗೆ ಬಂದರು. ನಾನು ಪುಳಿಯೋಗರೆ ಬಡಿಸುತ್ತಿದ್ದೆ. ಕಲ್ಲಿನಾಥ ಅವರು ಸಂಕೋಚ ಮುರಿಯಲೆಂದು, ಅತ್ಯಂತ ಒಳ್ಳೆಯ ಮನಸ್ಸಿನಿಂದ, "ಈ ಸಲ ನಿಮ್ಮ ಟಿಲ್ಬರಿ ನಮ್ಮ ಕಡೆ ಬಂದಾನ್ರಿ. ಬರೂ ಸೀಸನ್‌ನಾಗ ನಲವತ್ತು ಹೋಮ್ ರನ್ ಹೊಡಿತಾನ, ನೋಡಕೋತ ಇರ್ರಿ" ಎಂದರು.

ತಾವು ಹೋದ ಸುದ್ದಿ ಬಂದಾಗಿನಿಂದ ಶೇಷಾದ್ರಿ ತಮ್ಮ ಹೆಸರನ್ನು ಮನೆಯಲ್ಲಿ ಎತ್ತಿರಲಿಲ್ಲ. ಈಗ ತಟ್ಟೆಯಿಂದ ತಲೆ ಎತ್ತದೆ, "ಮೂವತ್ತಾರು ವಯಸ್ಸು ರೀ ಅವ್ನಿಗೆ. ಕಣ್ಣು ನಿಧಾನ ಆಗಿದೆ. ಹದಿನೈದು ಹೊಡೆದ್ರೆ ಹೆಚ್ಚು" ಎಂದರು.

"ಬಿಟ್ಟು ಹೋದ ಮ್ಯಾಲ ಎಲ್ಲಾರ ಕಣ್ಣೂ ಮಂದ ಆಗ್ತಾವ್ರಿ," ಎಂದು ಕಲ್ಲಿನಾಥ ನಕ್ಕರು.

ಶೇಷಾದ್ರಿ ನಗಲಿಲ್ಲ. "ಇರ್ಲಿ. ನಮ್ಮನೆ ಸಾಮಾನು ತಗೊಂಡು ಹೋಗ್ತೀನಿ ಅನ್ನೋರಿಗೆ ನಾವ್ಯಾಕೆ ಬೇಡ ಅನ್ನೋಣ" ಎಂದುಬಿಟ್ಟರು.

ಹೆಣ್ಣು ಕೇಳಲು ಬಂದವರ ಎದುರಿಗೆ ಆಡುವ ಮಾತಲ್ಲ ಅದು. ನೀಲಾಂಬಿಕಾ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, "ನಾವು ಸಾಮಾನು ಒಯ್ಯಾಕ ಬಂದಿಲ್ರಿ" ಎಂದರು. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರಿಬ್ಬರೂ ಕೋಟು ಹಾಕಿಕೊಳ್ಳುತ್ತಿದ್ದರು. ಆಶ್ರಿತಾ ಬಾಗಿಲಲ್ಲಿ ನಿಂತು, "ಅಪ್ಪಾ, ದಿಸ್ ಈಸ್ ನಾಟ್ ಈವನ್ ಅಬೌಟ್ ಅಸ್" ಎಂದಳು. ಬಂದವರು ಬಿಟ್ಟುಹೋದ ಹೋಳಿಗೆಯನ್ನು ಶೇಷಾದ್ರಿ ಮುಟ್ಟಲಿಲ್ಲ. ಎರಡು ವಾರ ನಾನೊಬ್ಬಳೇ ತಿಂದೆ. ಬಹಳ ಚೆನ್ನಾಗಿತ್ತು ಎಂಬುದು ನನ್ನ ದುಃಖವನ್ನು ಹೆಚ್ಚಿಸಿತು.

ನಾನು ನೀಲಾಂಬಿಕಾ ಅವರಿಗೆ ಫೋನ್ ಮಾಡಿ, "ಅವ್ರು ಅಂದಿದ್ದು ಟಿಲ್ಬರಿ ವಿಷಯ, ಆಶ್ರಿತಾ ವಿಷಯ ಅಲ್ಲ" ಎಂದು ವಿವರಿಸಿದೆ. ಆಕೆ, "ನನಗ ಗೊತ್ತದರಿ, ಪದ್ಮಾ ಅವ್ರ. ನಮ್ಮನಿಯವ್ರಿಗೂ ಗೊತ್ತದ. ಆದ್ರ ಒಮ್ಮೆ ಸಿಟ್ಟು ಮಾಡ್ಕೊಂಡು ಎದ್ದು ಬಂದಾದ ಮ್ಯಾಲ, ಗೊತ್ತಿತ್ತು ಅಂತ ಹ್ಯಾಂಗ ಹೇಳೂದು?" ಎಂದರು. ಇಷ್ಟು ನೇರವಾದ ಮಾತನ್ನು ನಾನು ಇತ್ತೀಚೆಗೆ ಕೇಳಿರಲಿಲ್ಲ. ನಾವಿಬ್ಬರೂ ಅಂದೇ ಬೀಗಿತ್ತಿಯರಾದೆವು. ಗಂಡಸರು ಮಾತ್ರ ಆಗಲಿಲ್ಲ. ಒಬ್ಬರು ಇನ್ನೊಬ್ಬರ ಫೋನಿಗಾಗಿ ಕಾಯುತ್ತ ಕೂತರು. ಕಾದು ಕಾದು ಸಾಕಾಗಿ ಮಾರ್ಚಿನಲ್ಲಿ ಆಶ್ರಿತಾ, ಏಪ್ರಿಲ್ ಮೊದಲ ವಾರ ತಾನೂ ವಿವೇಕನೂ ಇಬ್ಬರೇ ಕೋರ್ಟಿಗೆ ಹೋಗಿ ರಿಜಿಸ್ಟರ್ ಮಾಡಿಸಿಕೊಳ್ಳುವುದಾಗಿ ತಿಳಿಸಿದಳು. "ಯಾರೂ ಬರೋದು ಬೇಡ, ಅಮ್ಮಾ. ವಿ ಆರ್ ಡನ್ ವೇಟಿಂಗ್" ಎಂದಳು. ಅವಳ ಧ್ವನಿಯಲ್ಲಿ ಕೋಪವಿದ್ದಿದ್ದರೆ ನನಗೆ ಧೈರ್ಯವಿರುತ್ತಿತ್ತು. ಕೋಪವಿರಲಿಲ್ಲ. ಅವಳಿಗೆಂದು ಮೈಸೂರಿನಿಂದ ತರಿಸಿದ್ದ ಸೀರೆಯನ್ನು ಅಂದು ಬೀರುವಿನ ಮೇಲಿನ ಅರೆಗೆ ಎತ್ತಿಟ್ಟೆ.

ಅದೇ ವಾರದಲ್ಲಿ, ಮಾನ್ಯರೇ, ಫ್ಲಾರಿಡಾದ ಅಭ್ಯಾಸ ಪಂದ್ಯವೊಂದರಲ್ಲಿ ಯಾರೋ ಎಸೆದ ಚೆಂಡು ತಮ್ಮ ಮಣಿಕಟ್ಟಿಗೆ ಬಡಿಯಿತು.

ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಶೇಷಾದ್ರಿ ಅದನ್ನು ಟಿವಿಯಲ್ಲಿ ನೋಡಿದರು. ಮೂಳೆ ಮುರಿದಿದೆ, ಬರುವ ಋತುವಿನಲ್ಲಿ ಆಡುವುದು ಅನುಮಾನ ಎಂದು ತಜ್ಞರೊಬ್ಬರು ಹೇಳುತ್ತಿದ್ದರು. ಇವರು ಲೋಟ ಕೆಳಗಿಟ್ಟು, ಗರಾಜಿಗೆ ಹೋಗಿ, ನಿಂತಿದ್ದ ಕಾರಿನೊಳಗೆ ಕೂತು ಫೋನ್ ಮಾಡಿದರು. ನಾನು ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬಾಗಿಲ ಹಿಂದೆ ನಿಂತೆ. ಕದ್ದು ಕೇಳಿದೆ ಎಂದು ತಾವು ತಿಳಿದರೂ ಅಡ್ಡಿಯಿಲ್ಲ. ಕಾರಿನ ಸ್ಪೀಕರಿನಲ್ಲಿ ಕಲ್ಲಿನಾಥ ಅವರ ಧ್ವನಿ ಸ್ಪಷ್ಟವಾಗಿ ಕೇಳುತ್ತಿತ್ತು.

"ನೋಡಿದ್ರ್ಯಾ?" ಎಂದು ಅವರೇ ಮೊದಲು ಕೇಳಿದರು, ಹಲೋ ಕೂಡ ಹೇಳದೆ.

"ನೋಡ್ದೆ."

"ಕೈ ಹಿಡ್ಕೊಂಡು ಹ್ಯಾಂಗ ಕುಂತಿದ್ದ ನೋಡ್ರಿ, ಪಾಪ. ಮುಗೀತ್ರಿ. ಇನ್ನ ಅಂವಾ ಬ್ಯಾಟ್ ಹಿಡಿಯೂದಿಲ್ಲ."

"ಇಲ್ಲ ರೀ, ನಿಮಗೆ ಅವ್ನು ಗೊತ್ತಿಲ್ಲ," ಎಂದರು ಶೇಷಾದ್ರಿ. "ಅವ್ನು ಮನೇಲಿ ಕೂರೋನಲ್ಲ. ಆಗಸ್ಟಿಗೆ ಬರ್ತಾನೆ. ಬಂದು ಹೊಡೀತಾನೆ."

"ಕಣ್ಣು ಮಂದ ಆಗೇದ ಅಂತ ನೀವ ಅಂದಿದ್ರಿ."

ಶೇಷಾದ್ರಿ, "ಬೇಜಾರಲ್ಲಿ ಅಂದಿದ್ದು. ಇಷ್ಟು ವರ್ಷ ಕಣ್ಣೆದುರಿಗಿದ್ದೋನು, ಇದ್ದಕ್ಕಿದ್ದಂಗೆ ನಿಮ್ಮೂರಿಗೆ ಹೊರಟ. ಆಮೇಲೆ ನಮ್ಮ ಆಶ್ರಿತಾನೂ ನಿಮ್ಮೂರಿಗೇ ಹೊರಟಳು" ಎಂದರು.

ಕಲ್ಲಿನಾಥ, "ಅಂವಾ ನಮ್ಮ ಅಂಗಿ ಹಾಕ್ಕೊಂಡ್ರೂ ನಿಮ್ಮವನ ಅದಾನ್ರಿ, ಶೇಷಾದ್ರಿಯವ್ರ. ಹುಡುಗೀನೂ ಅಷ್ಟ" ಎಂದರು.

ನಾನು ಬುಟ್ಟಿಯನ್ನು ನೆಲಕ್ಕಿಟ್ಟೆ. ಶೇಷಾದ್ರಿ ಮೂಗು ಒರೆಸಿಕೊಂಡು, ಮದುವೆಗೆ ಕಲಾಮಜೂ ಹೇಗೆ ಎಂದು ಕೇಳುತ್ತಿದ್ದರು. ಅದು ಎರಡೂ ಊರಿನ ನಡುವೆ ಇರುವ, ಎರಡೂ ತಂಡಗಳಿಗೆ ಸೇರದ ಊರು ಎಂಬುದು ಅವರ ವಾದ. ಜೂನ್ ತಿಂಗಳಿಗೆ ದಿನ ಗೊತ್ತಾಯಿತು. ಸಂಜೆ ಆಶ್ರಿತಾಳಿಗೆ ಅವರೇ ಫೋನ್ ಮಾಡಿ, "ಕೋರ್ಟು ಬೇಡ ಕಣಮ್ಮ, ನಾವೆಲ್ಲ ಬರ್ತೀವಿ" ಎಂದರು. ಅವಳು ಅತ್ತಳು. ನಾನು ಸ್ಟೂಲು ಹಾಕಿಕೊಂಡು ಸೀರೆ ಕೆಳಗಿಳಿಸಿದೆ.

ದೂರು ಇಲ್ಲಿಗೆ ಮುಗಿಯಬಹುದಿತ್ತು, ಆದರೆ ತಮ್ಮ ಈ ಋತುವಿನ ಭವಿಷ್ಯ ಇನ್ನೂ ತೀರ್ಮಾನವಾಗಿಲ್ಲ. ಈಗ ತಾವು ಹಿಂತಿರುಗುವುದಿಲ್ಲ ಎಂದು ಕಲ್ಲಿನಾಥ ಅವರೂ, ಹಿಂತಿರುಗಿ ಇಪ್ಪತ್ತು ಹೊಡೆಯುತ್ತೀರಿ ಎಂದು ನಮ್ಮವರೂ ಪ್ರತಿ ಭಾನುವಾರ ಒಂದೂವರೆ ಗಂಟೆ ವಾದಿಸುತ್ತಾರೆ. ಇಬ್ಬರಿಗೂ ಇದರಿಂದ ಅಪಾರ ಸಂತೋಷವಾಗುತ್ತಿರುವಂತೆ ಕಾಣುತ್ತದೆ. ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬಿನ್ನಹವೇನೆಂದರೆ, ದಯವಿಟ್ಟು ಮೂಳೆಯನ್ನು ಬೇಗ ಕೂಡಿಸಿಕೊಳ್ಳಬಾರದು, ತಡಮಾಡಲೂ ಬಾರದು. ಮದುವೆಯಾಗಿ ಬೀಗರ ಔತಣ ಮುಗಿಯುವವರೆಗೆ ಎರಡೂ ಕಡೆಯವರಿಗೆ ಆಸೆಯನ್ನೂ ಅನುಮಾನವನ್ನೂ ಸಮವಾಗಿ ಹಂಚುವಷ್ಟು ಊತವನ್ನು ಉಳಿಸಿಕೊಂಡಿರಬೇಕು. ಆಮೇಲೆ ಆಡಲಿಳಿದಾಗ, ನಲವತ್ತು ಹೊಡೆದು ನಮ್ಮವರನ್ನು ನೋಯಿಸಬೇಡಿ, ಹದಿನೈದಕ್ಕೆ ನಿಂತು ಬೀಗರನ್ನು ಅವಮಾನಿಸಬೇಡಿ. ಶಿಕಾಗೋ ತಂಡದ ವಿರುದ್ಧ ಆಡುವ ದಿನ ಚೆಂಡನ್ನು ಬಹಳ ದೂರ ಹೊಡೆದು, ಅದು ಬೇಲಿಯ ಹತ್ತಿರ ನಮ್ಮ ಆಟಗಾರನ ಕೈಗೇ ಬೀಳುವಂತೆ ನೋಡಿಕೊಂಡರೆ ಎರಡೂ ಮನೆಯವರು ತೃಪ್ತಿಯಿಂದ ಮಲಗುತ್ತಾರೆ. ತಮ್ಮಂಥ ಪ್ರತಿಭಾವಂತರಿಗೆ ಇದೇನೂ ಕಷ್ಟವಾಗಲಾರದು.

ಇನ್ನು ಕ್ಷೇಮ ವಿಚಾರ. ಕೈ ಹೇಗಿದೆ? ಶಸ್ತ್ರಚಿಕಿತ್ಸೆಯೆಂದು ತೀರ್ಮಾನವಾದರೆ ಅರಿವಳಿಕೆಗೆ ಹೆದರಬೇಡಿ, ನಮ್ಮ ವೃತ್ತಿಯವರು ಜೋಪಾನವಾಗಿ ನೋಡಿಕೊಳ್ಳುತ್ತಾರೆ. ನೋವು ಬೇಗ ಕಡಿಮೆಯಾಗಲಿ ಎಂದು ಹಾರೈಸುತ್ತೇನೆ, ಅಂದರೆ ಮೇಲೆ ಕೇಳಿಕೊಂಡ ಮಿತಿಯೊಳಗೆ.

ತಮ್ಮ ವಿಶ್ವಾಸಿ,
ಪದ್ಮ ಶೇಷಾದ್ರಿ
ಹಾಫ್‌ಮನ್ ಎಸ್ಟೇಟ್ಸ್

ತಾ.ಕ.: ಮೊನ್ನೆ ಭಾವಿ ಅಳಿಯನನ್ನು ತಮ್ಮ ಬಗ್ಗೆ ಕೇಳಿದೆ. "ಆಂಟಿ, ನಾನು ಬೇಸ್‌ಬಾಲ್ ನೋಡೋದೇ ಇಲ್ಲ, ನಂದು ಐಸ್ ಹಾಕಿ" ಎಂದ. ಶಿಕಾಗೋಗೂ ಡೆಟ್ರಾಯ್ಟ್‌ಗೂ ಹಾಕಿ ತಂಡಗಳಿವೆಯಂತೆ, ಅವುಗಳಿಗೆ ಒಂದಕ್ಕೊಂದು ಕಂಡರಾಗದಂತೆ. ಶೇಷಾದ್ರಿಗೆ ಈ ವಿಷಯ ಇನ್ನೂ ಗೊತ್ತಿಲ್ಲ. ತಾವೂ ಹೇಳಬಾರದಾಗಿ ಪ್ರಾರ್ಥನೆ.