ಕಲ್ಯಾಣದುರ್ಗದಲ್ಲಿ ಓಡದ ರಂಗ

ಕಂಪ್ಯೂಟರ್ ಕೆಟ್ಟಿದೆ ಎಂದು ಬರುವ ಫೋನುಗಳಲ್ಲಿ ಅದು ನಿಜವಾಗಿ ಕೆಟ್ಟಿರುವುದು ಅಪರೂಪ. ತೊಂಬತ್ತರ ದಶಕದಲ್ಲಿ ಹಿಂದೂಪುರದ ಒಂದು ಬೀಜ ಕಚೇರಿಯ ಕಂಪ್ಯೂಟರ್ ವಿಭಾಗ ನನ್ನ ಕೈಯಲ್ಲಿತ್ತು. ನಾನು ಬಿ.ಎಸ್ಸಿ. ಓದಿದವಳು. ಯಂತ್ರ ಯಾವುದಕ್ಕೆ ಏನೆಂದಿತು ಎಂದು ಅಂದಂದೇ ಬರೆದಿಡುತ್ತಿದ್ದೆ. ಆದ್ದರಿಂದ ಇದರಲ್ಲಿ ಉಪ್ಪು ಖಾರ ಬೆರೆಸಿಲ್ಲ.

೧. ಎದುರಿಗೇ ಇದ್ದದ್ದು

ರೈತರಿಗೆ ಕಡಲೆಕಾಯಿ ಬೀಜದ ಚೀಟಿ ಮುದ್ರಿಸಲು ಒಂದು ಸ್ಕ್ರಿಪ್ಟ್, ಅಂದರೆ ಯಂತ್ರ ನಡೆಸುವ ಆಜ್ಞೆಗಳ ಸರಣಿ, ಬರೆದು, ಮನೆದೇವರ ಹೆಸರು ‘ರಂಗ’ ಎಂದಿಟ್ಟೆ. ಹೆಸರು ಟೈಪ್ ಮಾಡಿದರೆ ಯಂತ್ರ ‘ಸಿಗಲಿಲ್ಲ’ ಎಂದಿತು.

ಮ್ಯಾನೇಜರು ಪರದೆಯ ಪಟ್ಟಿಯಲ್ಲಿದ್ದ ಆ ಹೆಸರಿಗೆ ಬೆರಳಿಟ್ಟರು. “ಎದುರುಗಾನೇ ಉಂದಿ ಕದಮ್ಮಾ! ಎದುರಿಗೇ ಇದೆಯಲ್ಲ!”

“ತಾನಿರೋ ಜಾಗ ಬಿಟ್ಟು ಬೇರೆ ಕಡೆ ಹುಡುಕುತ್ತೆ ಸಾರ್. ‘ಇಲ್ಲೇ ನೋಡು’ ಅಂತ ಹೆಸರಿಗೆ ಮುಂಚೆ ಚುಕ್ಕೆ, ಓರೆಗೆರೆ ಹಾಕಬೇಕು.”

“ಇದೆಂಥ ಯಂತ್ರಾನಮ್ಮಾ!”

“ನೀವು ಮೊಣಕೈ ಕೆಳಗಿನ ಫೈಲನ್ನ ಬೀರುವಿನಲ್ಲಿ ಹುಡುಕ್ತೀರಲ್ಲ, ಹಾಗೇ.”

ಅವರು ಮೆಲ್ಲಗೆ ಮೊಣಕೈ ಎತ್ತಿ ನೋಡಿಕೊಂಡರು.

೨. ಚಪ್ಪಲಿಯ ಸಾಲು

ಮುಂದೆ ಅದೇ ಮ್ಯಾನೇಜರು ಕಲ್ಯಾಣದುರ್ಗದ ಶಾಖೆಗೆ ವರ್ಗವಾದರು; ರಂಗನನ್ನೂ ಅಲ್ಲಿನ ಯಂತ್ರಕ್ಕೆ ಹಾಕಿಸಿಕೊಂಡರು. ಒಮ್ಮೆ ಒಳ್ಳೆಯ ಮಳೆಯ ಮರುದಿನ ಬೆಳಿಗ್ಗೆ ಅಲ್ಲಿಂದ ಫೋನ್: ರಂಗ ಓಡುತ್ತಿಲ್ಲ, ಚೀಟಿಯಿಲ್ಲದೆ ಬೀಜವಿಲ್ಲ. “ಹದ ಆರೋಯ್ತದೆ, ಬೇಗ ಕೊಡ್ರಪ್ಪಾ!” ಎಂಬ ಕೂಗು ಫೋನಿನಲ್ಲೇ ಕೇಳಿಸುತ್ತಿತ್ತು. ರೈತರು ಕಂಪ್ಯೂಟರ್ ಕೋಣೆಯ ಬಾಗಿಲಿನಿಂದ ಚಪ್ಪಲಿಗಳನ್ನು ಸಾಲಾಗಿಟ್ಟು ಸರದಿಗೆ ಜಾಗ ಹಿಡಿದು, ನೆರಳಲ್ಲಿ ಕೂತಿದ್ದರು. ಮ್ಯಾನೇಜರು ಎಂದಿನಂತೆ ಅದೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಬಂದು ನೋಡಿದರೆ ಇಲ್ಲ.

“ನಿಮ್ದು ಕೊನೇಲಿ ಅದೆ ಸಾರ್,” ಎಂದನಂತೆ ಒಬ್ಬ ರೈತ. “ಹಿಂದ್ಲಿಂದ ಬಂದು ಮುಂದೆ ಬಿಟ್ರೆ ಹೆಂಗೆ?”

೩. ರಂಗ ಓಡಿದ್ದು

ಫೋನಿನಲ್ಲಿದ್ದ ಆಪರೇಟರ್ ಹುಡುಗಿ ಮದುವೆಯ ರಜೆ ಮುಗಿಸಿ ಅಂದೇ ಬಂದಿದ್ದಳು. ರಜೆಗೆ ಮುಂಚೆ ಇದೇ ರಂಗನನ್ನು ದಿನಾ ಓಡಿಸಿದವಳು.

“ಚುಕ್ಕೆ, ಓರೆಗೆರೆ ಹಾಕಿದೆಯಾ?”

“ಹಾಕಿವ್ನಿ ಅಕ್ಕಾ.”

“ಪರದೆಯ ಪಟ್ಟಿಯಲ್ಲಿ ರಂಗನ ಹೆಸರಿದೆಯಾ?”

“ಅದೆ.”

“ಮತ್ತೆ ನೀನು ಏನು ಟೈಪ್ ಮಾಡಿದೆ?”

ಅವಳು ಪಿಸುಗುಟ್ಟಿದಳು: “‘ನಮ್ಮನೆಯವರು’ ಅಂತ ಹೊಡ್ದೆ. ಅವರ್ದೂ ಅದೇ ಹೆಸ್ರು ಅಕ್ಕಾ. ಕಿಟಕೀಲಿ ನಮ್ಮತ್ತೆ ಊರೋರೇ ನಿಂತವ್ರೆ. ಹೆಂಗೆ ಹೊಡೀಲಿ?”

ಹಠ ಬಿಡಿಸುತ್ತ ಕೂರುವ ಹೊತ್ತಲ್ಲ. ಹೊಲದ ಹದ ಕಾಯುವುದಿಲ್ಲ. “ಮೊದಲ ಅಕ್ಷರ ಒಂದೇ ಹೊಡಿ. ಮುಂದೆ ನಕ್ಷತ್ರದ ಗುರುತು ಹಾಕು. ಉಳಿದದ್ದನ್ನು ಅದೇ ಹುಡುಕಿಕೊಳ್ಳುತ್ತೆ,” ಎಂದೆ.

ಸ್ವಲ್ಪ ಹೊತ್ತಿಗೆ ಪ್ರಿಂಟರ್ ಕರಕರ ಎಂದಿತು. ಹೊರಗೆ ಚಪ್ಪಲಿಗಳಿಗೆ ಕಾಲು ಬಂದವು.

“ನೋಡಿದ್ರಾ ಅಕ್ಕಾ,” ಎಂದಳು, “ಹೆಸ್ರು ಹೇಳ್ದಿದ್ರೂ ಯಾರು ಅಂತ ಅದ್ಕೂ ಗೊತ್ತಾಗ್ಬುಡ್ತು!”