ಕರೆಂಟಿನ ಗಿಟಾರು

ಹನ್ನೆರಡು ವರ್ಷ ಮಿರಜದ ವಾದ್ಯದ ಅಂಗಡಿಗಳ ಹೊಸ್ತಿಲು ಸವೆಸಿ, ಸೋನ್ಯಾಳದ ಟೇಲರ್ ಶಿದ್ರಾಯ ಕಡೆಗೂ ಗಿಟಾರು ತಂದ. ಅಂತಿಂಥದ್ದಲ್ಲ, ಕರೆಂಟಿನದ್ದು! ಮುಂಬೈಯ ಯಾವನೋ ಆರ್ಕೆಸ್ಟ್ರಾದವ ಒಂದು ಕಾಲಕ್ಕೆ ಹೇಳಿ ಮಾಡಿಸಿಕೊಂಡಿದ್ದು. ಮೈಯೆಲ್ಲ ಕೆಂಪು. ಪ್ರಾಯದಲ್ಲಿ ಒಮ್ಮೆ ಅಂಥದರ ನಾದ ಕೇಳಿದಾಗಿನಿಂದ ಶಿದ್ರಾಯನ ತಲೆ ನೆಟ್ಟಗಿರಲಿಲ್ಲ, ಅವನು ಹೊಲಿದ ಕಾಲರೂ ನೆಟ್ಟಗಿರಲಿಲ್ಲ.

ಬೆಳಿಗ್ಗೆ ಬಸ್ಸಿಳಿದವನೇ ಮನೆಯ ಕಟ್ಟೆಯ ಮೇಲೆ ಕುಳಿತು ತಂತಿ ಮೀಟಿದ. ಸೊಳ್ಳೆಯಷ್ಟೂ ಸದ್ದು ಬರಲಿಲ್ಲ.

ಪಕ್ಕದ ಮನೆಯ ಮಲಕಾಜಪ್ಪ ಕುಂಬಳಕಾಯಿ ನೋಡುವವನಂತೆ ಗಿಟಾರಿನ ಬೆನ್ನಿಗೆ ಬಡಿದು ನೋಡಿದ. "ಒಳಗ ಪೊಳ್ಳs ಇಲ್ಲಲ್ಲೋ ಮಾರಾಯಾ! ನಾದ ಎಲ್ಲಿಂದ ಬರಬೇಕು? ನಿನಗ ಟೊಪಗಿ ಹಾಕ್ಯಾರ."

"ಇದಕ್ಕ ಕರೆಂಟಿನ ಮಶಿನ್ ಬೇಕ್ರಿ ಕಾಕಾ, ಸ್ಪೀಕರ್ ಬೇಕು."

"ಹಂಗಾರ ಬೀರಪ್ಪನ ಗುಡಿಗಿ ನಡಿ. ಊರಾಗ ಸ್ಪೀಕರ್ ಇರೂದು ಅಲ್ಲೊಂದs."

ಗುಡಿಯ ಪೂಜಾರಿ ಅಮಸಿದ್ದ ನಿದ್ದೆಗಣ್ಣಲ್ಲೇ "ಹೂಂ" ಅಂದ. ಶಿದ್ರಾಯ ಮೈಕಿನ ವೈರು ಕಿತ್ತು ಗಿಟಾರಿಗೆ ಜೋಡಿಸಿ ಒಂದೇ ಒಂದು ತಂತಿ ಮೀಟಿದ. ಅಯ್ಯಯ್ಯೋ! ಗುಡಿಯ ಮೇಲಿನ ಭೋಂಗಾ ಸ್ಪೀಕರು ಎಂಥಾ ಅಬ್ಬರ ಮಾಡಿತೆಂದರೆ, ಹಟ್ಟಿಯ ಕುರಿಗಳೆಲ್ಲ ಬೇಲಿ ಹಾರಿ ವಳಸಂಗದ ದಾರಿ ಹಿಡಿದವು. ಜನ ಕುರಿಯ ಹಿಂದೆ ಹೋಗುವುದು ಬಿಟ್ಟು ಗುಡಿಗೆ ಓಡಿಬಂದರು. ಬೆಚ್ಚಿಬಿದ್ದ ಅಮಸಿದ್ದ, ಕೈಗೆ ಸಿಕ್ಕಷ್ಟು ಭಂಡಾರದ ಪುಡಿ ಬಾಚಿ ಗಿಟಾರಿನ ಮೇಲೆ ತೂರಿಬಿಟ್ಟ.

"ಬೀರಪ್ಪನ ಹೆಸರಲೆ ಚಾಂಗಭಲೋ!" ಎಂದು ನೆರೆದವರೆಲ್ಲ ಜೈಕಾರ ಹಾಕಿದರು.

ಕೆಂಪು ಗಿಟಾರು ಅರಿಶಿನದಲ್ಲಿ ಹಳದಿಯಾಯಿತು.

"ನಾ ಇನ್ನ ಬರತೀನ್ರಿ," ಎಂದು ಶಿದ್ರಾಯ ಗಿಟಾರು ಎತ್ತಿದ.

"ಇಟ್ಟ ಹೋಗು," ಎಂದ ಅಮಸಿದ್ದ. "ದೇವರ ಮುಂದ ನುಡದು ಭಂಡಾರ ಬಿದ್ದಿದ್ದು ದೇವರದs ಆತು."

ಶಿದ್ರಾಯನಿಗೆ ಅಳುವೇ ಬಂತು. "ಹನ್ನೆರಡ ವರ್ಷ ತಿರಗೀನ್ರೋ ಯಪ್ಪಾ! ಮನ್ಯಾಗ ಕುಂತು ಒಮ್ಮೆರ ಬಾರಸ್ತೀನಿ!"

"ಪ್ರಸಾದ ಕೇಳೂಣು," ಎಂದ ಮಲಕಾಜಪ್ಪ. "ಹೂ ಬಲಕ್ಕ ಬಿದ್ರ ಇವನ ಮನಿಗಿ, ಎಡಕ್ಕ ಬಿದ್ರ ಗುಡಿಗಿ."

ದೇವರ ನೆತ್ತಿಯ ಮೇಲೆ ಹೂ ಇಟ್ಟರು. ಅದು ಮೆಲ್ಲಗೆ ಎಡಕ್ಕೆ ವಾಲಿತು. ಅಷ್ಟರಲ್ಲಿ ಮೂಗಿಗೆ ಭಂಡಾರ ಏರಿ ಶಿದ್ರಾಯ ಜೋರಾಗಿ ಸೀನಿದ. ಹೂ ಬಲಕ್ಕೆ ಬಿತ್ತು!

"ದೇವರು ಇವನ ಮನಿಗಿ ಹೊಂಟಾನ!" ಎಂದು ಅಮಸಿದ್ದ ಕೂಗಿದ. ಶಿದ್ರಾಯನ ಕಿವಿಗೆ ಬಿದ್ದದ್ದು 'ಮನಿ' ಒಂದೇ. ಡೊಳ್ಳು ಬಡಿಯುತ್ತ ಇಡೀ ಊರು ಹಿಂದೆ ಯಾಕೆ ಬರುತ್ತಿದೆ, ಮುದುಕಿಯರು ಗಿಟಾರಿನ ಮುಂದೆ ಯಾಕೆ ಅಡ್ಡಬೀಳುತ್ತಿದ್ದಾರೆ, ಒಂದೂ ತಿಳಿಯಲಿಲ್ಲ. ಇರಲಿ ಬಿಡು, ಗಿಟಾರು ಮನೆಗೆ ಬಂತಲ್ಲ!

ಮನೆಯಲ್ಲಿ ಹೆಂಡತಿ ಇಂದುಬಾಯಿ ಗಿಟಾರಿಗೆ ನೀರು ನಿವಾಳಿಸಿ, ದೇವರ ಕೋಣೆಯ ಜಗಲಿಯ ಮೇಲೆ ದೇವರ ಸಾಲಿನಲ್ಲಿ ನಿಲ್ಲಿಸಿ ಕಾಯಿ ಒಡೆದಳು. ಸಂಜೆಗೆ ಜನ ಕರಗಿದ ಮೇಲೆ ಶಿದ್ರಾಯ ಮೆಲ್ಲಗೆ ಕೈ ಚಾಚಿ ಅದರ ಬಿರಡೆ ತಿರುವಿದ. ಕೈಮೇಲೆ ಛಟ್ಟನೆ ಏಟು ಬಿತ್ತು.

"ಊರೆಲ್ಲ ಕೈ ಮುಗದು ಹೋಗೈತಿ, ನೀವು ದೇವರ ಕಿವಿ ಹಿಂಡ್ತೀರೇನ್ರಿ?"

"ಏ, ನಾ ಬಾರಸಾಕ ತಂದೀನಿ ಅದನ್ನ!"

"ಬಾರಸ್ರಿ, ಯಾರ ಬ್ಯಾಡ ಅಂದಾರ?" ಎಂದು ಇಂದುಬಾಯಿ ಊರವರು ಮೂಲೆಯಲ್ಲಿ ಬಿಟ್ಟುಹೋಗಿದ್ದ ಡೊಳ್ಳು ತಂದು ಅವನ ಕೊರಳಿಗೆ ಹಾಕಿದಳು. "ಇದನ್ನ ಬಾರಸ್ರಿ. ದಿನಾ ಎರಡೂ ಹೊತ್ತು ಈ ದೇವರ ಮುಂದ ಡೊಳ್ಳಿನ ಸೇವಾ ನಿಮ್ಮದs ಅಂತ, ಅಮಸಿದ್ದ ಕಾಕಾ ಹೇಳಿ ಹೋಗ್ಯಾರ."